ನೆಗಡಿಯಲ್ಲದ ನೀರು

ಕುಣಿಗಲ್ಲಿನಲ್ಲಿ ನಮ್ಮ ಚಿಕ್ಕಮ್ಮನ ಮನೆಗೆ ಹೋಗುವ ದಾರಿಯಲ್ಲಿ ಕುರಿಯ ತಲೆಕಾಲು ಸುಟ್ಟುಕೊಡುವ ಅಂಗಡಿ ಒಂದಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಜನ ಚೀಲ ಹಿಡಿದು ಸಾಲಾಗಿ ನಿಂತಿರುತ್ತಾರೆ. ಗ್ಯಾಸಿನ ಬೆಂಕಿ ಬುಸ್ಸೆನ್ನುತ್ತಿರುತ್ತದೆ, ರೋಮ ಚಟಪಟ ಸುಟ್ಟು ಹೊಗೆಯೆಲ್ಲ ರಸ್ತೆಗೆ ಬರುತ್ತದೆ. ಹೋದ ತಿಂಗಳು ಚಿಕ್ಕಮ್ಮನ ಮಗಳ ಜೊತೆ ಅಲ್ಲಿ ಹಾದುಹೋಗುವಾಗ ಅವಳು ವೇಲು ಮೂಗಿಗೆ ಹಿಡಿದು ಬಿರಬಿರನೆ ನಡೆದಳು. ನಾನು ನಿಂತುಬಿಟ್ಟೆ.

"ಏನಕ್ಕ, ತಲೆಮಾಂಸ ತಗಳ್ಳಾಣ್ವಾ?" ಅಂತ ಕೇಳಿದಳು.

ತಲೆಮಾಂಸದ ಯೋಚನೆ ನನಗಿರಲಿಲ್ಲ. ನಾನು ಆಪರೇಷನ್ ಥಿಯೇಟರಿನ ನರ್ಸು. ರಕ್ತನಾಳದ ಬಾಯನ್ನು ಕರೆಂಟಿನಿಂದ ಸುಟ್ಟು ಮುಚ್ಚುವಾಗ ಬರುವ ವಾಸನೆಯೂ ಹೀಗೇ ಇರುತ್ತದೆ, ಸ್ವಲ್ಪ ತೆಳು ಅಷ್ಟೇ. ಮಾಸ್ಕ್ ಕಟ್ಟಿಕೊಂಡಿದ್ದರೂ ಒಳಗೆ ನುಗ್ಗುತ್ತದೆ, ಮನೆಗೆ ಬಂದು ಸೀಗೆಪುಡಿ ಹಾಕಿ ಉಜ್ಜಿದರೂ ಕೂದಲು ಬಿಟ್ಟು ಹೋಗುವುದಿಲ್ಲ. ಸಾಮಾನ್ಯವಾಗಿ ಆ ವಾಸನೆ ನನಗೆ ಏನನ್ನೂ ನೆನಪಿಸುವುದಿಲ್ಲ. ದಿನಾ ಅಡುಗೆ ಮಾಡುವವಳು ಒಗ್ಗರಣೆ ವಾಸನೆಗೆ ನಿಂತು ಯೋಚನೆ ಮಾಡುತ್ತಾಳೆಯೇ? ಆದರೆ ಅವತ್ತು ಮೋಡ ಕವಿದು ಸಣ್ಣ ಹನಿ ಬೀಳುತ್ತಿತ್ತು. ಹೊಗೆಯೂ ಹನಿಯೂ ಒಟ್ಟಿಗೆ ಸೇರಿದ್ದಕ್ಕೋ ಏನೋ, ಎರಡು ವರ್ಷದ ಹಿಂದಿನ ಮಳೆಗಾಲ, ನಮ್ಮ ಅತ್ತಿಗೆಯ ಮಳೆಗಾಲ, ಬಂದು ಎದುರಿಗೆ ನಿಂತಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಕೂತ ಕಡೆ ಕೂರುವ ಹೆಂಗಸಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅಂತ ಅವ್ವ ಈಗಲೂ ಬೈಯುತ್ತಾಳೆ. ಹಾಲು ಉಕ್ಕುವುದನ್ನು ಕಾಯುವುದು, ಬಸ್ಸು ಬರುವುದನ್ನು ಕಾಯುವುದು, ಎರಡೂ ನನ್ನಿಂದ ಆಗದು. ಹಾಲು ಒಲೆಯ ಮೇಲೆ ಚೆಲ್ಲಿರುತ್ತದೆ, ನಾನು ಮುಂದಿನ ಸ್ಟಾಪಿಗೆ ನಡೆದುಕೊಂಡೇ ಹೋಗಿರುತ್ತೇನೆ. ಇಂಥವಳಿಗೆ ಥಿಯೇಟರಿನ ಕೆಲಸ ಹೇಳಿ ಮಾಡಿಸಿದ್ದು. ಡಾಕ್ಟರು ಕೈ ಚಾಚುವ ಮೊದಲೇ ಸಾಮಾನು ಅವರ ಅಂಗೈಯಲ್ಲಿ ಇರಬೇಕು, ಸುಮ್ಮನೆ ನಿಲ್ಲುವ ಪ್ರಶ್ನೆಯೇ ಇಲ್ಲ. ಆ ವರ್ಷ ತುಮಕೂರಿನ ನಮ್ಮ ಆಸ್ಪತ್ರೆಯಲ್ಲಿ ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆ ತೆಗೆಯುವುದು ಶುರುವಾಯಿತು. ಅಲ್ಲಿಯವರೆಗೆ ಅಂಥ ರೋಗಿಗಳನ್ನೆಲ್ಲ ಬೆಂಗಳೂರಿಗೆ ಕಳಿಸುತ್ತಿದ್ದರು.

ಪಿಟ್ಯುಟರಿ ಅನ್ನುವುದು ಮಿದುಳಿನ ತಳದಲ್ಲಿ, ಮೂಗಿನ ನೇರ ಹಿಂದೆ ಇರುವ ಅವರೆಕಾಳಿನಷ್ಟು ಗ್ರಂಥಿ. ಕಾಳು ಸಣ್ಣದಾದರೂ ಅಕ್ಕಪಕ್ಕದವರು ದೊಡ್ಡವರು. ಎಡಕ್ಕೂ ಬಲಕ್ಕೂ ಮಿದುಳಿಗೆ ರಕ್ತ ಒಯ್ಯುವ ನಾಳಗಳು, ಮೇಲೆ ಕಣ್ಣಿನ ನರಗಳು, ಅಲ್ಲೇ ಒಂದು ತೆಳು ಪೊರೆ, ಆ ಪೊರೆಯಾಚೆ ಮಿದುಳನ್ನು ಸುತ್ತುವರಿದ ನೀರು. ಇಷ್ಟರ ಮಧ್ಯೆ ಬೆಳೆದ ಗಡ್ಡೆಯನ್ನು ಮೂಗಿನ ಹೊಳ್ಳೆಯೊಳಗಿಂದ ಕ್ಯಾಮೆರಾ ತೂರಿಸಿ, ಟೀವಿಯಲ್ಲಿ ನೋಡಿಕೊಂಡು ತೆಗೆಯಬೇಕು.

ಅದಕ್ಕೆಂದೇ ಹೊಸ ಸಾಮಾನು ಬಂದ ದಿನ ಥಿಯೇಟರಿನಲ್ಲಿ ಹೊಸ ಸೊಸೆ ಬಂದಷ್ಟು ಗಲಾಟೆ. ಎಲ್ಲವೂ ಉದ್ದುದ್ದ, ಸಣ್ಣಸಣ್ಣ. ಕೆಲವು ನಡುವೆ ಮೆಟ್ಟಿಲಿನಂತೆ ಬಾಗಿದ್ದವು, ಹಿಡಿದವರ ಕೈ ನೋಟಕ್ಕೆ ಅಡ್ಡ ಬರಬಾರದೆಂದು. ರಕ್ತ ನಿಲ್ಲಿಸುವುದಕ್ಕೆ ಬೈಪೋಲಾರ್ ಅನ್ನುವ ಇಕ್ಕಳ. ಸಾಸಿವೆ ಕಾಳಿನಂಥ ಅದರ ಎರಡು ತುದಿಗಳ ನಡುವೆ ಸಿಕ್ಕಿದ್ದು ಮಾತ್ರ ಸುಡುತ್ತದೆ. ಸುಡಲಾಗದ ಕಡೆ, ಜಿನುಗುವ ಕಡೆ, ಪ್ಯಾಟಿ ಇಟ್ಟು ಒತ್ತಬೇಕು. ಪ್ಯಾಟಿ ಅಂದರೆ ಬಾಲಕ್ಕೆ ದಾರ ಇರುವ ಒದ್ದೆ ಹತ್ತಿಯ ಪುಟ್ಟ ಪಟ್ಟಿ. ದಾರದ ತುದಿ ಮೂಗಿನ ಹೊರಗೇ ನೇತಾಡುತ್ತಿರಬೇಕು, ಇಲ್ಲದಿದ್ದರೆ ಒಳಗೇ ಮರೆತುಹೋದೀತು. ಅದಕ್ಕೂ ಬಗ್ಗದಿದ್ದರೆ ಜೆಲಟಿನ್ ಸ್ಪಂಜು, ರಕ್ತ ಹೆಪ್ಪುಗಟ್ಟಿಸುವ ಪುಡಿ, ಬಿಸಿ ಸಲೈನು, ಕೊನೆಗೆ ಅಂಟು. ಬೆಂಗಳೂರಿನಿಂದ ಬಂದಿದ್ದ ನಮ್ಮ ಸರ್ಜನ್ ಶ್ರೀಧರ್ ಸಾರ್ ಇವನ್ನೆಲ್ಲ ಟೇಬಲ್ಲಿನ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನ ನಮಗೆ ಪಾಠ ಮಾಡಿದರು. ಮೆಲ್ಲಗೆ ಮಾತಾಡುವ ಮನುಷ್ಯ, ಅವರ ಒಂದು ವಾಕ್ಯ ಮುಗಿಯುವುದರೊಳಗೆ ನಾನು ಎರಡು ಸಲ ಎದ್ದು ಕೂತಿರುತ್ತಿದ್ದೆ.

"ಸಿಸ್ಟರ್, ರಕ್ತ ಬಂದ್ರೆ ಎಲ್ರಿಗೂ ಕಾಣುತ್ತೆ, ಎಲ್ರೂ ಓಡಾಡ್ತಾರೆ. ನೀರು ಬಂದ್ರೆ ಯಾರಿಗೂ ಗೊತ್ತಾಗಲ್ಲ. ನೀವು ಆ ನೀರಿಗೆ ಹೆದರ್ಕೊಳ್ಳಿ" ಅಂದರು.

"ನೀರಿಗೆ ಯಾಕೆ ಸಾರ್?"

"ನೀರು ಹೊರಗೆ ಬರೋ ದಾರೀಲೇ ಸೋಂಕು ಒಳಗೆ ಹೋಗುತ್ತೆ. ಮಿದುಳುಜ್ವರ ಬಂದ್ರೆ ಆಪರೇಷನ್ ಎಷ್ಟು ಚೆನ್ನಾಗಿ ಆಗಿದ್ರೂ ಪ್ರಯೋಜನ ಇಲ್ಲ."

ಇನ್ನು ಅತ್ತಿಗೆಯ ವಿಷಯ. ಹೆಸರು ರತ್ನ. ಗುಬ್ಬಿಯ ಶಾಲೆಯಲ್ಲಿ ನನ್ನ ಬೆಂಚಿನವಳು, ಆಮೇಲೆ ನಮ್ಮಣ್ಣ ಚಂದ್ರಣ್ಣನನ್ನು ಮದುವೆಯಾಗಿ ಅತ್ತಿಗೆಯಾದಳು. ಹೆಸರು ಹಿಡಿದು ಕರೆಯುವುದು ನಿಂತಿತು, ಏಕವಚನ ಮಾತ್ರ ಹಾಗೇ ಉಳಿಯಿತು. ಅಣ್ಣ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಪೈಪ್ ಫಿಟರ್. ಅತ್ತಿಗೆ ಸರ್ಕಾರಿ ಬಸ್ಸಿನ ಕಂಡಕ್ಟರು. ತುಮಕೂರಿಂದ ಗುಬ್ಬಿ, ಗುಬ್ಬಿಯಿಂದ ಚೇಳೂರು, ಇದು ಅವಳ ರೂಟು. ಆ ಬಸ್ಸಿನಲ್ಲಿ ಯಾರ ಮಗಳಿಗೆ ಯಾವ ಊರಿನ ಗಂಡು ನೋಡಿದ್ದಾರೆ, ಯಾರ ಎಮ್ಮೆ ಗಬ್ಬ ಆಗಿದೆ ಎಲ್ಲ ಅವಳಿಗೆ ಗೊತ್ತು. ಗಂಟಲೋ, ಹಿಂದಿನ ಸೀಟಿನವನು ಗೊರಕೆ ಹೊಡೆಯುತ್ತಿದ್ದರೆ ಮುಂದಿನ ಬಾಗಿಲಿಂದಲೇ ಎಬ್ಬಿಸುವಂಥದ್ದು.

ಆ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅತ್ತಿಗೆಯ ಮೇಲೆ ದೂರುಗಳು ಬರತೊಡಗಿದವು. ಹೆಂಗಸರಿಗೆ ಪ್ರಯಾಣ ಫ್ರೀ, ಆದರೂ ಟಿಕೆಟ್ ಕೈಯಲ್ಲಿ ಇರಲೇಬೇಕು. ತಪಾಸಣೆಯವರು ಬಸ್ ಹತ್ತಿದಾಗ ಕಿಟಕಿ ಪಕ್ಕದ ಇಬ್ಬರು ಹೆಂಗಸರ ಹತ್ತಿರ ಟಿಕೆಟ್ಟೇ ಇರಲಿಲ್ಲ. "ನಾವು ಆಧಾರ್ ಕಾರ್ಡ್ ಹಿಡ್ಕಂಡೇ ಕೂತಿದ್ವಿ ಸಾಮಿ, ಈಯಮ್ಮನೇ ನಮ್ಮುನ್ನ ಕಾಣ್ದೋರಂಗೆ ಮುಂದಕ್ಕೋದ್ರು" ಅಂದರಂತೆ. ಡಿಪೋದಲ್ಲಿ ಮೆಮೋ ಕೊಟ್ಟರು. ಇನ್ನೊಮ್ಮೆ ಹೀಗಾದರೆ ಬಸ್ಸಿನಿಂದ ಇಳಿಸಿ ಡಿಪೋದ ಕೋಣೆಯಲ್ಲಿ ಕೂರಿಸುತ್ತೇವೆ ಅಂತಲೂ ಹೇಳಿದರು. ಮೆಮೋಗಿಂತ ಆ ಮಾತು ಅವಳಿಗೆ ಹೆಚ್ಚು ನಾಟಿತು.

"ನಾನೇನ್ ಬೇಕೂಂತ ಬಿಟ್ಟೆನೇನೇ? ಅಲ್ಲಿ ಜನ ಇರ್ಲಿಲ್ಲ ಕಣೇ, ನನ್ ಕಣ್ಣಿಗೆ ಖಾಲಿ ಸೀಟೇ ಕಂಡಿದ್ದು" ಅಂತ ನನ್ನ ಹತ್ತಿರ ಅತ್ತಳು. ಅಣ್ಣ, ಅವಳಿಗೆ ಬಸ್ಸಿನಲ್ಲಿ ಮಾತು ಜಾಸ್ತಿಯಾಗಿ ಗಮನ ಕಡಿಮೆಯಾಗಿದೆ ಅಂದ. ಅವ್ವ, ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದಳು. ನಾನು ಕನ್ನಡಕ ಬದಲಾಯಿಸು ಅಂದೆ. ಹೀಗೆ ಎಲ್ಲರೂ ನಮ್ಮ ನಮ್ಮ ಬುದ್ಧಿಗೆ ತಕ್ಕ ಔಷಧಿ ಹೇಳಿದ್ದಾಯಿತು.

ಆಮೇಲೊಂದು ಭಾನುವಾರ ಗುಬ್ಬಿಗೆ ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದ ಅತ್ತಿಗೆಗೆ ಪಕ್ಕದಿಂದ ಕಾಫಿ ಲೋಟ ಚಾಚಿದೆ. ತಗೋ ಅಂದರೂ ಅವಳು ಎದುರಿಗೇ ನೋಡುತ್ತ "ಎಲ್ಲೇ?" ಅಂದಳು. ಲೋಟ ಅವಳ ಕಿವಿಯಿಂದ ಮೊಳ ದೂರದಲ್ಲಿತ್ತು. ಲೋಟ ಕೆಳಗಿಟ್ಟು, ನನ್ನ ಮೂಗನ್ನೇ ನೋಡು ಅಂತ ಹೇಳಿ ಎರಡೂ ಪಕ್ಕದಲ್ಲಿ ಬೆರಳು ಆಡಿಸಿದೆ. ಬೆರಳು ನನ್ನ ಮುಖದ ಹತ್ತಿರ ಬರುವವರೆಗೂ ಅವಳಿಗೆ ಕಾಣಲಿಲ್ಲ. ಜಟಕಾ ಕುದುರೆಗೆ ಕಣ್ಣಪಟ್ಟಿ ಕಟ್ಟಿದ ಹಾಗೆ ಎಡವೂ ಇಲ್ಲ, ಬಲವೂ ಇಲ್ಲ, ನೆಟ್ಟಗಿರುವುದಷ್ಟೇ ಅವಳ ಲೋಕ. ಶ್ರೀಧರ್ ಸಾರ್ ಇದೇ ಲಕ್ಷಣವನ್ನು ನಮಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಗಡ್ಡೆ ಬೆಳೆದು ಕಣ್ಣಿನ ನರವನ್ನು ಕೆಳಗಿನಿಂದ ಒತ್ತಿದರೆ ಎರಡು ಪಕ್ಕದ ನೋಟ ಮೊದಲು ಹೋಗುತ್ತದೆ, ಬಿಟ್ಟರೆ ಉಳಿದದ್ದೂ ಹೋಗುತ್ತದೆ.

ಸ್ಕ್ಯಾನಿನಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಕಂಡಿತು. ಬೇಗ ತೆಗೆಯಬೇಕು ಅಂದರು ಸಾರ್. ಆಷಾಢ ಕಳೆಯಲಿ ಅಂತ ಅವ್ವ ಹಠ ಹಿಡಿದಳು. ಅತ್ತಿಗೆಯೇ ಅವಳ ಬಾಯಿ ಮುಚ್ಚಿಸಿದಳು.

"ಅತ್ತೆ, ಆಸಾಡ ಮುಂದಿನ್ ವರ್ಸನೂ ಬತ್ತದೆ. ಕಣ್ಣು ಬತ್ತದಾ?"

ಮನೆಯವರಿಗೆ ಆಪರೇಷನ್ ಮಾಡುವಾಗ ನಾವು ಜೊತೆಗೆ ನಿಲ್ಲುವುದಿಲ್ಲ, ಅದು ಪದ್ಧತಿ. ಆದರೆ ಆ ಹೊಸ ಸಾಮಾನು ಬಲ್ಲವರು ಥಿಯೇಟರಿನಲ್ಲಿ ಇಬ್ಬರೇ. ಇನ್ನೊಬ್ಬಳು, ಶೋಭಾ, ಹೆರಿಗೆ ರಜೆ ಮುಗಿಸಿ ಇನ್ನೂ ಬಂದಿರಲಿಲ್ಲ. "ಕೈ ನಡುಗುತ್ತೆ ಅನ್ನಿಸಿದ್ರೆ ಈಗ್ಲೇ ಹೇಳಿ" ಅಂದರು ಸಾರ್. ಇಲ್ಲ ಅಂದೆ. ನಿಜಕ್ಕೂ ನಡುಗಲಿಲ್ಲ. ಹಸಿರು ಬಟ್ಟೆ ಹೊದಿಸಿದ ಮೇಲೆ ಅತ್ತಿಗೆ ಕಾಣುತ್ತಿರಲಿಲ್ಲ, ಮೂಗಿನ ಎರಡು ಹೊಳ್ಳೆ ಮಾತ್ರ ಕಾಣುತ್ತಿದ್ದವು. ಮೂಗುಬೊಟ್ಟು ತೆಗೆದಿದ್ದ ಜಾಗದಲ್ಲಿ ಒಂದು ಚುಕ್ಕೆ ಇತ್ತು, ಅದನ್ನು ನೋಡಬಾರದು ಅಂದುಕೊಂಡು ಟೀವಿಯತ್ತಲೇ ನೋಡಿದೆ.

ಮೂಳೆ ಕೊರೆದು ಅದರ ಹಿಂದಿನ ಹೊರಪೊರೆ ಸೀಳಿ ಒಳಹೋಗುವವರೆಗೆ ಎಲ್ಲ ಸರಿಯಾಗಿತ್ತು. ಗಡ್ಡೆಯನ್ನು ಕೆರೆದು ಕೆರೆದು ತೆಗೆಯುತ್ತಿದ್ದಾಗ ಎಡಗಡೆಯ ಮೂಲೆಯಿಂದ ರಕ್ತ ಬಂತು. ಚಿಮ್ಮಲಿಲ್ಲ. ಟೀವಿಯ ಪರದೆ ಮೆಲ್ಲಗೆ ಕೆಂಪಾಗುತ್ತ ಹೋಗಿ ಕೊನೆಗೆ ಕೆಂಪು ಬಿಟ್ಟು ಬೇರೇನೂ ಕಾಣದಾಯಿತು. ಸಕ್ಷನ್ ಪೈಪು ಗೊರಗೊರ ಎಳೆಯುತ್ತಿತ್ತು. ನಾನು ಬೈಪೋಲಾರ್ ಎತ್ತಿ ಕೊಡಲು ಹೋದೆ, ಸಾರ್ ತಲೆಯಾಡಿಸಿದರು. ಅಲ್ಲಿ ಪಕ್ಕದಲ್ಲೇ ದೊಡ್ಡ ನಾಳ, ಕಣ್ಣು ಹೊರಳಿಸುವ ನರಗಳು, ಸುಡುವಂತಿಲ್ಲ. ಜೆಲಟಿನ್ ಸ್ಪಂಜು ಕೊಟ್ಟೆ, ಮೇಲೆ ಪ್ಯಾಟಿ ಕೊಟ್ಟೆ. ಅವರು ಒತ್ತಿ ಹಿಡಿದರು, ಹಾಗೇ ನಿಂತರು.

"ಇನ್ನೊಂದ್ ಸ್ಪಂಜ್ ಕೊಡ್ಲಾ ಸಾರ್?" ಅಂದೆ.

"ಬೇಡ."

"ಬಿಸಿ ಸಲೈನ್?"

"ಸಿಸ್ಟರ್, ಈಗಿರೋ ಕೆಲಸ ಒತ್ತಿ ಹಿಡಿದು ಸುಮ್ನೆ ಇರೋದು. ನೀವೂ ಸ್ವಲ್ಪ ಸುಮ್ನಿರಿ."

ಸುಮ್ಮನಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ಗ್ಲೌಸಿನೊಳಗೆ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ಟ್ರೇಯಲ್ಲಿ ಸರಿಯಾಗಿದ್ದ ಸಾಮಾನನ್ನೇ ಮತ್ತೆ ಸರಿಮಾಡಿದೆ. ಪ್ಯಾಟಿ ಎತ್ತಿದಾಗ ಪರದೆ ತಿಳಿಯಾಗಿತ್ತು. ಗಡ್ಡೆ ಹೊರಬಂದ ಮೇಲೆ ನೀರು ತಡೆಯುವ ಆ ತೆಳು ಪೊರೆ ಮೇಲಿನಿಂದ ಪುಟ್ಟ ಬಲೂನಿನಂತೆ ಕೆಳಗಿಳಿದು ಮಿಡಿಯುತ್ತಿತ್ತು. ಅರಿವಳಿಕೆ ಡಾಕ್ಟರು ಶ್ವಾಸದ ಒತ್ತಡ ಏರಿಸಿ ತೋರಿಸಿದರು, ಎಲ್ಲೂ ನೀರು ಬರಲಿಲ್ಲ. ಸ್ಪಂಜು ಇಟ್ಟು ಅಂಟು ಹಾಕಿ ಮುಗಿಸಿದರು.

ಎಚ್ಚರವಾದ ಮಾರನೆಯ ದಿನ ಅತ್ತಿಗೆ ಬಲಗಡೆಯ ಮಂಚದವರ ಜೊತೆ ಆಗಲೇ ಮಾತಿಗಿಳಿದಿದ್ದಳು. "ಬಲಗಡೆ ಕಿಟ್ಕಿ ತೆಗ್ದಂಗಾಯ್ತು ಕಣೇ" ಅಂದಳು. ಎಡಗಡೆ ಮಾತ್ರ ಏನೂ ಬದಲಾಗಿರಲಿಲ್ಲ. ಸಾರ್ ಎಡಕ್ಕೆ ಬೆರಳು ಆಡಿಸಿದರೆ ಅವಳು ಎದುರಿಗೇ ನೋಡುತ್ತ "ಎಲ್ಲಿ ಸಾರ್?" ಅನ್ನುತ್ತಿದ್ದಳು. ಎಡಗಣ್ಣಿನ ನರ ಹೆಚ್ಚು ನಲುಗಿದೆ, ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ಒಂದೇ ಪಕ್ಕ ಕಾಣುವವಳನ್ನು ಬಸ್ಸು ಹತ್ತಿಸುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತಿತ್ತು.

ಡಿಸ್ಚಾರ್ಜ್ ಆಗುವಾಗ ಸಾರ್ ಹೇಳಿದ್ದನ್ನೇ ನಾನೂ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಬಗ್ಗಬೇಡ, ಮೂಗು ಹಿಂಡಬೇಡ, ಸೀನು ಬಂದರೆ ಬಾಯಿ ತೆಗೆದು ಸೀನು, ಭಾರ ಎತ್ತಬೇಡ, ಕಕ್ಕಸಿನಲ್ಲಿ ತಿಣುಕಬೇಡ. ಗುಬ್ಬಿಯಲ್ಲಿ ಅವ್ವ ಅವಳನ್ನು ಬಾಣಂತಿಯ ಹಾಗೆ ಕಾಯ್ದಳು. ಕೊಡ ಮುಟ್ಟಿಸಲಿಲ್ಲ, ಪೊರಕೆ ಮುಟ್ಟಿಸಲಿಲ್ಲ. ಮಳೆ ಹಿಡಿದುಕೊಂಡಿತ್ತು. ಬಸ್ಸು ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತಿತ್ತು, ಡ್ರೈವರು ಹಾರ್ನ್ ಮಾಡಿ ಕೈಯೆತ್ತುತ್ತಿದ್ದರು, ಅತ್ತಿಗೆ ಕಿಟಕಿಯಿಂದ ಕೈಯೆತ್ತುತ್ತಿದ್ದಳು. ನನ್ನ ಹಾಗೆ ಅವಳೂ ಸುಮ್ಮನೆ ಕೂರುವ ಪೈಕಿಯಲ್ಲ. ಫೋನ್ ಮಾಡಿದಾಗಲೆಲ್ಲ "ಬೇಜಾರ್ ಕಣೇ" ಅನ್ನುವುದೇ ಮೊದಲ ಮಾತು.

ಒಂದು ದಿನ ರಜೆ ಅರ್ಜಿ ಕೊಡುವುದಕ್ಕೆಂದು ಅಣ್ಣನ ಜೊತೆ ಹೊರಟಳು. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವಳದೇ ಬಸ್ಸು ಕೆಸರಿನಲ್ಲಿ ಹಿಂದಕ್ಕೆ ಬರುತ್ತಿತ್ತು. ಬಸ್ಸು ರಿವರ್ಸ್ ತೆಗೆಯುವಾಗ ಕಂಡಕ್ಟರು ಕೆಳಗಿಳಿದು ಹಿಂದೆ ನಿಂತು ವಿಷಲ್ ಊದಬೇಕು. ಹೊಸ ಕಂಡಕ್ಟರು ಹುಡುಗಿ ಬಸ್ಸಿನೊಳಗೇ ಟಿಕೆಟ್ ಕೊಡುತ್ತ ನಿಂತಿದ್ದಳು. ಅತ್ತಿಗೆಯ ಕೈ ತಾನಾಗಿ ಬ್ಯಾಗಿಗೆ ಹೋಯಿತು. ವಿಷಲ್ ತೆಗೆದು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಸ್ಟ್ಯಾಂಡಿಗೆಲ್ಲ ಕೇಳಿಸುವ ಹಾಗೆ ಊದಿ, ಬಸ್ಸನ್ನು ಹಿಂದಕ್ಕೆ ತೆಗೆಸಿದಳು. ಜನ ಚಪ್ಪಾಳೆ ಹೊಡೆದರಂತೆ. ಅಣ್ಣನೂ ನಕ್ಕ. ವಿಷಲ್ ಊದಬಾರದು ಅಂತ ಯಾರಿಗೆ ಹೊಳೆಯಬೇಕು? ಸಾರ್ ಹೇಳಿದ್ದರಲ್ಲಿ ಅದಿರಲಿಲ್ಲ. ಬೆಂಗಳೂರಿನಲ್ಲಿ ಅವರು ಎಷ್ಟು ಜನರ ಗಡ್ಡೆ ತೆಗೆದಿದ್ದರೋ, ಅವರಲ್ಲಿ ಕಂಡಕ್ಟರು ಇರಲಿಲ್ಲವೇನೋ.

ಅವತ್ತು ಸಂಜೆಯಿಂದ ಅವಳಿಗೆ ನೆಗಡಿ. ಮಳೆಗಾಲ, ಮನೆಯಲ್ಲಿ ಎಲ್ಲರ ಮೂಗೂ ಸೋರುತ್ತಿತ್ತು, ಅವಳದೂ ಸೋರಿತು. ಮಳೆಯಲ್ಲಿ ಹೋಗಬೇಡ ಅಂದರೆ ಕೇಳಲಿಲ್ಲ ಅಂತ ಅವ್ವ ಗೊಣಗಿದಳು. ಮೆಣಸಿನ ಸಾರು ಮಾಡಿಕೊಟ್ಟಳು, ಅದಕ್ಕೆ ನಿಲ್ಲದಿದ್ದಾಗ ಬಿಸಿನೀರಿನ ಪಾತ್ರೆಯ ಮೇಲೆ ತಲೆ ಬಗ್ಗಿಸಿ ಕಂಬಳಿ ಹೊದಿಸಿ ಹಬೆ ಹಿಡಿಸಿದಳು. ಪಾಪ, ಆ ಮುದುಕಿ ನಮ್ಮನ್ನೆಲ್ಲ ಸಾಕಿದ್ದೇ ಆ ವೈದ್ಯದಲ್ಲಿ. ನನಗೆ ಫೋನ್ ಬಂದದ್ದು ಮೂರ್ನಾಲ್ಕು ದಿನದ ಮೇಲೆ.

"ಮಂಗಳಾ, ಈ ನೆಗ್ಡಿಗೇನಾದ್ರೂ ಮಾತ್ರೆ ಹೇಳೇ. ಸಾಕಾಗೋಯ್ತು."

"ಸಿಂಬಳ ಗಟ್ಟಿಗಿದೆಯಾ?"

"ಗಟ್ಟಿಗೆಲ್ಲಿ? ನೀರು. ಒಂದೇ ಹೊಳ್ಳೇಲಿ ಬತ್ತದೆ. ಹಬೆ ತಗಳ್ಳಕೆ ಬಗ್ಗುದ್ರೆ ನಲ್ಲಿ ಬುಟ್ಟಂಗೆ ತೊಟ್ಟಿಕ್ತದೆ. ಬಾಯಿಗ್ ಬಂದ್ರೆ ಉಪ್ಪುಪ್ಪು."

"ಕರ್ಚೀಫಲ್ಲಿ ಒರೆಸ್ಕೊಂಡ್ಯಲ್ಲ, ಅದು ಒಣಗಿದ್ಮೇಲೆ ಗರಿಗರಿ ಆಗುತ್ತಾ?" ಅಂದೆ. ನೆಗಡಿಯ ಬಟ್ಟೆ ಒಣಗಿದರೆ ಗಂಜಿ ಹಾಕಿದಂತಾಗುತ್ತದೆ, ಆ ನೀರಿನದು ಆಗುವುದಿಲ್ಲ.

"ಇಲ್ಲ ಕಣೇ, ಮೆತ್ತಗೇ ಅದೆ. ಯಾಕೇ?"

ಯಾಕೆ ಅಂತ ಹೇಳಲಿಲ್ಲ. ತಲೆ ಎತ್ತರಕ್ಕಿಟ್ಟು ಮಲಗು, ಏಳಬೇಡ, ಬಂದೆ ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ. ಸಿಕ್ಕಿದ ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಸ್ಟಾಪಿಲ್ಲದ ಕಡೆ ಕೂಡ ಒಬ್ಬ ಛತ್ರಿ ಆಡಿಸಿದ ಅಂತ ನಿಂತಿತು. ನಾನು ಸೀಟು ಬಿಟ್ಟು ಬಾಗಿಲಲ್ಲಿ ನಿಂತುಕೊಂಡೆ, ಹಾಗೆ ನಿಂತರೆ ಬಸ್ಸು ಬೇಗ ಹೋಗುತ್ತದೆ ಅನ್ನುವವಳ ಹಾಗೆ. ಗುಬ್ಬಿಯಲ್ಲಿ ಇಳಿದು ಮನೆಗೆ ಹೋಗಿ ಅತ್ತಿಗೆಯ ಹಣೆ ಮುಟ್ಟಿದರೆ ಬಿಸಿ. ಹಬೆಯಿಂದ ಬಿಸಿ ಅಂದಳು ಅವ್ವ. ಅದು ಹಬೆಯ ಬಿಸಿಯಲ್ಲ ಅಂತ ನನಗೆ ಗೊತ್ತಾಗಿ ಅಳು ಬಂತು, ಅವ್ವನ ಮುಂದೆ ನುಂಗಿಕೊಂಡೆ.

ತುಮಕೂರಿಗೆ ಕರೆದುಕೊಂಡು ಬಂದು ಸೇರಿಸಿದೆವು. ಸೋಂಕಿನ ಔಷಧಿ ಶುರುಮಾಡಿದರು, ಬೆನ್ನುಮೂಳೆಯೊಳಗೂ ಅದೇ ನೀರು ಇರುವುದರಿಂದ ಸೊಂಟದಲ್ಲಿ ಸಣ್ಣ ಕೊಳವೆ ಇಟ್ಟು ಅದರ ಒತ್ತಡ ಇಳಿಸಿದರು. ಪುಣ್ಯಕ್ಕೆ ಜ್ವರ ಬಗ್ಗಿತು. ಸೋರುವುದು ನಿಲ್ಲಲಿಲ್ಲ. ಇನ್ನೊಂದು ಆಪರೇಷನ್ ಮಾಡಿ ಮುಚ್ಚಬೇಕು ಅಂದರು ಸಾರ್. ವಿಷಲ್ಲಿನ ಕತೆ ಕೇಳಿ ಅವರು ಡಿಸ್ಚಾರ್ಜ್ ಚೀಟಿ ತೆಗೆದು ಅದರಲ್ಲಿ ಬರೆದದ್ದನ್ನು ಓದಿದರು. ಆಮೇಲೆ "ಇದನ್ನೂ ಹೇಳ್ಬೇಕು ಇನ್ಮೇಲೆ" ಅಂದರು.

ಅಣ್ಣನಿಗೆ ಒಂದೇ ಅನುಮಾನ. ಫಿಟರ್ ಅಲ್ಲವೇ, "ಸಾರ್, ಲೀಕ್ ಆಗಿರೋ ಕಡೆ ಒಳಗಿಂದ ಮುಚ್ತೀರೋ, ಹೊರಗಿಂದ್ಲೋ?" ಅಂತ ಕೇಳಿದ.

"ಎರಡೂ ಕಡೆಯಿಂದ. ಹೊಟ್ಟೆಯಿಂದ ಚೂರು ಕೊಬ್ಬು ತಗೊಂಡು ತೂತಿಗೆ ತುಂಬ್ತೀವಿ. ತೊಡೆಯಿಂದ ಪೊರೆ ತಗೊಂಡು ಅದರ ಮೇಲೆ ಹೊದಿಸ್ತೀವಿ. ಅಂಟು ಹಾಕ್ತೀವಿ. ಅದು ಜಾರಬಾರ್ದಲ್ಲ, ಅದಕ್ಕೆ ಮೂಗಿನೊಳಗೆ ಒಂದು ಪುಟ್ಟ ಬಲೂನು ಊದಿ ಕೆಳಗಿಂದ ಆನಿಸಿ ಇಡ್ತೀವಿ."

"ಅವಳ ಕೊಬ್ಬೇ ಅವಳಿಗೆ" ಅಂದ ಅಣ್ಣ. ನಗಿಸಲು ಹೊರಟವನು ನಗದೆ ಆಚೆ ಹೋದ. ಹಿಂದೆಯೇ ಹೋಗಿ ನೋಡಿದೆ. ಮೆಟ್ಟಿಲ ಮೇಲೆ ಕೂತು, "ನಾನು ಪಕ್ಕದಾಗೇ ನಿಂತು ನಗ್ತಿದ್ದೆ ಕಣೇ ಮಂಗಳಾ, ಅವಳು ಊದಿ ಊದಿ ತೂತು ಮಾಡ್ಕತಾ ಇದ್ರೆ" ಅಂದ. ಬೆನ್ನಿನ ಮೇಲೆ ಒಂದು ಗುದ್ದು ಕೊಟ್ಟು ಎಬ್ಬಿಸಿದೆ.

ಈ ಸಲ ಶೋಭಾ ರಜೆಯಿಂದ ಬಂದಿದ್ದಳು. "ನೀವು ಹೊರಗಿರಿ ಸಿಸ್ಟರ್" ಅಂದರು ಸಾರ್. ಆ ಬಾಗಿಲಿನ ಹೊರಗಡೆ ನಾನು ಯಾವತ್ತೂ ಕೂತವಳಲ್ಲ. ಅಲ್ಲಿನ ಬೆಂಚುಗಳು ಅಷ್ಟು ಗಟ್ಟಿ ಅಂತಲೂ ಗೊತ್ತಿರಲಿಲ್ಲ. ಒಳಗಿದ್ದಾಗ ಭಯಪಡಲು ಪುರುಸೊತ್ತಿರುವುದಿಲ್ಲ, ಹೊರಗೆ ಅದೊಂದೇ ಕೆಲಸ. ಈಗ ಹಳೆ ಸ್ಪಂಜು ತೆಗೆಯುತ್ತಿರಬೇಕು, ಈಗ ತೂತು ಹುಡುಕುತ್ತಿರಬೇಕು, ಶೋಭಾ ಸಕ್ಷನ್ನಿನ ಸಣ್ಣ ತುದಿ ಕೊಟ್ಟಳೋ ದೊಡ್ಡದನ್ನೇ ಕೊಟ್ಟಳೋ, ಜೋರಾಗಿ ಎಳೆದರೆ ಪೊರೆ ಇನ್ನಷ್ಟು ಹರಿದೀತು, ಬೈಪೋಲಾರಿನ ತುದಿ ಒರೆಸಿದಳೋ ಇಲ್ಲವೋ, ಒರೆಸದಿದ್ದರೆ ಅಂಟಿಕೊಂಡು ಬರುತ್ತದೆ. ನನ್ನ ಬಲಗೈ ಮಡಿಲಲ್ಲಿ ಒಂದೊಂದಾಗಿ ಸಾಮಾನು ಎತ್ತಿ ಕೊಡುತ್ತಲೇ ಇತ್ತು. ಎದುರಿಗೆ ಕೂತಿದ್ದ ಯಾರದೋ ಅಜ್ಜಿ ನನ್ನನ್ನು ನೋಡಿ "ತಾಯಿ, ಜಪ ಮಾಡ್ತಿದೀರಾ?" ಅಂತ ಕೇಳಿತು. ಹೂಂ ಅಂದೆ. ಎದ್ದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದೆ, ಅಣ್ಣ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ನಡುವೆ ಎದುರಾದಾಗಲೆಲ್ಲ ಅವನು "ಏನಂತೆ?" ಅನ್ನುತ್ತಿದ್ದ. ನಾನೂ ಅವನ ಜೊತೆಗೇ ಹೊರಗಿದ್ದೇನೆ ಅನ್ನುವುದು ಅವನಿಗೆ ಮರೆತೇಹೋಗಿತ್ತು.

ಮುಗಿಸಿ ಬಂದ ಸಾರ್, ಮುಚ್ಚಿದ್ದೇವೆ, ಹಿಡಿದುಕೊಳ್ಳುತ್ತದೋ ಇಲ್ಲವೋ ದಿನ ಕಳೆದಂತೆ ನೋಡಬೇಕು ಅಂದರು.

ಆ ದಿನಗಳನ್ನು ಹೇಗೆ ಕಳೆದೆನೋ. ಅತ್ತಿಗೆ ತಲೆ ಎತ್ತರಿಸಿದ ಮಂಚದ ಮೇಲೆ ಅಲ್ಲಾಡದೆ ಮಲಗಿದ್ದಳು. ಮೂಗಿನೊಳಗೆ ಬಲೂನು, ಹೊರಗೆ ಅದರ ರಬ್ಬರ್ ಬಾಲ ಕೆನ್ನೆಗೆ ಅಂಟಿಸಿದ್ದು. ಬಾಯಲ್ಲೇ ಉಸಿರಾಟ, ತುಟಿಯೆಲ್ಲ ಒಡೆದಿತ್ತು. ಮಾತಾಡಬೇಡ ಅಂದಿದ್ದರಿಂದ ಕೈಯಲ್ಲೇ ಎಲ್ಲ. ನೀರು ಬೇಕಾದರೆ ಬಸ್ಸು ನಿಲ್ಲಿಸುವ ಹಾಗೆ ಅಂಗೈ ತೋರಿಸುವಳು, ಸಾಕಾದರೆ ಹೊರಡು ಅಂತ ಎರಡು ಸಲ ಮಂಚ ತಟ್ಟು‌ವಳು. ನಾನು ಡ್ಯೂಟಿಯ ನಡುನಡುವೆ ಓಡಿಬಂದು ಅವಳ ಮೇಲ್ದುಟಿ ಒದ್ದೆಯಾಗಿದೆಯಾ ಅಂತ ಬೆರಳಿಟ್ಟು ನೋಡುತ್ತಿದ್ದೆ. ಅದು ಎಷ್ಟು ಸಲ ಆಯಿತೆಂದರೆ, ಒಂದು ದಿನ ಅವಳು ನನ್ನ ಬೆರಳನ್ನು ಕಚ್ಚಿಯೇಬಿಟ್ಟಳು. ಸಾರ್ ದಿನಾ ಬಂದು ಎಡಗಡೆ ಬೆರಳು ಆಡಿಸುವರು, ಅವಳು ದಿನಾ ಇಲ್ಲ ಅಂತ ಕೈ ಅಲ್ಲಾಡಿಸುವಳು. ಹೊರಗೆ ಮಳೆ ಬಿಟ್ಟೂ ಬಿಟ್ಟೂ ಹೊಯ್ಯುತ್ತಿತ್ತು. ಆಸ್ಪತ್ರೆಯ ಸಜ್ಜದಿಂದ ಹನಿ ತೊಟ್ಟಿಕ್ಕುವ ಸದ್ದು ಕೇಳಿದರೂ ನಾನು ಎದ್ದು ಅವಳ ಮುಖ ನೋಡುತ್ತಿದ್ದೆ.

ಬಲೂನು ತೆಗೆದ ಮರುದಿನ ಬೆಳಿಗ್ಗೆ ಪರೀಕ್ಷೆ. ಪರೀಕ್ಷೆಯೆಂದರೆ ಯಂತ್ರವಿಲ್ಲ, ಏನಿಲ್ಲ. ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ, ಮುಂದಕ್ಕೆ ಬಗ್ಗಿಸಿ, ಮೂಗಿನ ಕೆಳಗೆ ಸ್ಟೀಲ್ ಟ್ರೇ ಹಿಡಿದು ಕಾಯುವುದು. ಹನಿ ಬಿದ್ದರೆ ಮತ್ತೆ ಮೊದಲಿನಿಂದ. ಟ್ರೇ ಹಿಡಿದವಳು ನಾನು. ಸಾರ್ ಎದುರಿಗೆ ಮಂಡಿಯೂರಿ ಕೂತರು. ಅಣ್ಣ ನೋಡಲಾರೆ ಅಂತ ಹೊರಗೆ ಹೋಗಿದ್ದ.

ಅತ್ತಿಗೆ ಮೆಲ್ಲಗೆ ಬಗ್ಗಿದಳು. ಜಡೆ ಭುಜದಿಂದ ಜಾರಿ ಮುಂದೆ ಬಂತು. ಟ್ರೇಯ ತಳದಲ್ಲಿ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಅವಳ ಮೂಗಿನ ತುದಿಯನ್ನೇ ನೋಡುತ್ತ ನಾನು ನಿಂತೆ. ಬೀಳಬೇಡ, ಬೀಳಬೇಡ ಅಂತ ಅಂದುಕೊಂಡೆ, ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಟ್ರೇ ಮೆಲ್ಲಗೆ ಕೆಳಗಿಳಿಯತೊಡಗಿತು. ಸಾರ್ ನನ್ನ ಮೊಣಕೈ ಕೆಳಗೆ ತಮ್ಮ ಕೈ ಇಟ್ಟರು. "ಇನ್ನೂ ಸ್ವಲ್ಪ" ಅಂದರು. ಟ್ರೇ ಒಣಗಿತ್ತು. "ಇನ್ನೂ ಸ್ವಲ್ಪ." ಆಗಲೂ ಒಣಗಿತ್ತು.

ತಲೆ ಬಗ್ಗಿಸಿಕೊಂಡೇ ಅತ್ತಿಗೆ ಬಾಯಿಬಿಟ್ಟಳು. ಎಷ್ಟೋ ದಿನ ಮಾತಾಡದೆ ಗಂಟಲು ಕಟ್ಟಿತ್ತು.

"ಮಂಗಳಾ, ನಿಮ್ಮಣ್ಣಂಗೆ ಒಳಿಕ್ ಬರಕ್ಕೇಳೇ. ಆ ಬಾಗ್ಲತ್ರ ನಿಂತ್ಕಂಡು ಟವಲ್ನಾಗೆ ಕಣ್ಣೊರುಸ್ಕತಾ ಅವ್ರೆ, ಹೋಗೋ ಬರೋರು ಏನಂದ್ಕತಾರೆ?"

ನಾನು ತಿರುಗಿ ನೋಡಿದೆ. ಅಣ್ಣ ಯಾವಾಗ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದನೋ, ಹೆಗಲ ಮೇಲಿನ ಟವಲಿನ ತುದಿ ಕಣ್ಣಿಗೆ ಒತ್ತಿಕೊಂಡಿದ್ದ. ಸದ್ದು ಮಾಡಿರಲಿಲ್ಲ, ಮಾತಾಡಿರಲಿಲ್ಲ.

ಸಾರ್ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ಅತ್ತಿಗೆಯನ್ನು ನೋಡಿದರು. ಅವಳು ಇನ್ನೂ ಟ್ರೇಯತ್ತಲೇ ಮುಖಮಾಡಿ ಬಗ್ಗಿಕೊಂಡಿದ್ದಳು. ಬಾಗಿಲಿದ್ದದ್ದು ಅವಳ ಎಡಗಡೆ.